ಮಳೆಗಾಲಕ್ಕೊಂದು ನವಣೆ ಸಲಾಡ್: ಕಿಟಕಿ ಪಕ್ಕ ಬೆಳೆದ ಎಳೆಸೊಪ್ಪಿನ ಜೊತೆ

ಜೂನ್ ಶುರುವಾದ ಮೇಲೆ ಕೊಡಗಿನಲ್ಲಿ ಹಸಿಯಾಗಿ ತಿನ್ನುವಂಥ ಸೊಪ್ಪು ಸಿಗುವುದು ಕಷ್ಟ. ಹಿತ್ತಿಲಲ್ಲಿ ಹಾಕಿದ ಕೊತ್ತಂಬರಿ, ಪಾಲಕ್ ಮಳೆಯ ಹೊಡೆತಕ್ಕೆ ನೆಲ ಕಚ್ಚುತ್ತವೆ. ಉಳಿದದ್ದನ್ನು ಬಸವನಹುಳು ಮುಗಿಸುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಯಿಂದ ತಂದ ಕಟ್ಟು ಮೇಲೆ ಚೆನ್ನಾಗಿ ಕಂಡರೂ ಬಿಚ್ಚಿದಾಗ ನಡುವೆ ಕೊಳೆತಿರುತ್ತದೆ. ಕೆಸುವಿನ ಎಲೆ, ತೆರ್ಮೆ ತೊಪ್ಪು ಎಂಬ ಜರೀಗಿಡದ ಚಿಗುರು, ಕಕ್ಕಡ ತಿಂಗಳ ಮದ್ದು ಸೊಪ್ಪು ಇವೆಲ್ಲ ಈ ಕಾಲದಲ್ಲೇ ಬರುತ್ತವೆ ನಿಜ. ಆದರೆ ಅವೆಲ್ಲ ಬೇಯಿಸಿಯೇ ತಿನ್ನುವಂಥವು. ಕೆಸುವಿನ ಎಳೆ ಎಲೆಯನ್ನು ಹಸಿಯಾಗಿ ಬಾಯಿಗಿಟ್ಟರೆ ಗಂಟಲು ತುರಿಸಿ ಒದ್ದಾಡಬೇಕಾಗುತ್ತದೆ.

ಹಾಗಾಗಿ ಮಳೆಗಾಲಕ್ಕೆ ಒಳಾಂಗಣದ ಬೆಳೆಯೇ ಸರಿ. ಮೈಕ್ರೋಗ್ರೀನ್ಸ್ ಎಂದು ಈಗ ಎಲ್ಲರೂ ಹೇಳುವ ಎಳೆಸೊಪ್ಪಿಗೆ ಒಂದು ಟ್ರೇ, ಒಂದು ಕಿಟಕಿ, ಅಡುಗೆಮನೆಯ ಡಬ್ಬಿಯಲ್ಲಿರುವ ಸಾಸಿವೆ, ಮೆಂತ್ಯ ಇದ್ದರೆ ಸಾಕು. ಅದರ ಜೊತೆ ಉದುರುದುರಾಗಿ ಬೆಂದ ನವಣೆ, ಒಂದಿಷ್ಟು ತರಕಾರಿ, ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಹಾಕಿ ಕಲಸಿದರೆ ಮಧ್ಯಾಹ್ನದ ಊಟ ಮುಗಿಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಏನೇ ಕೆಟ್ಟರೂ ಹತ್ತರಲ್ಲಿ ಒಂಬತ್ತು ಸಲ ಅದಕ್ಕೆ ಹೆಚ್ಚಾದ ನೀರೇ ಕಾರಣ. ಟ್ರೇಗೆ ಬೂಸ್ಟು ಬರುವುದು, ನವಣೆ ಮುದ್ದೆಯಾಗುವುದು, ಕತ್ತರಿಸಿದ ಸೊಪ್ಪು ಮಾರನೇ ದಿನಕ್ಕೆ ಲೋಳೆಯಾಗುವುದು, ಸಲಾಡಿನ ತಳದಲ್ಲಿ ರಸ ನಿಲ್ಲುವುದು, ಎಲ್ಲದಕ್ಕೂ ಅದೇ. ನಮ್ಮ ಊರಿನ ಗಾಳಿಯಲ್ಲೇ ನೀರು ತುಂಬಿರುತ್ತದೆ, ಅಲ್ವಾ? ಬೆಂಗಳೂರಿನವರು ವಿಡಿಯೋದಲ್ಲಿ ಹೇಳುವ ‘ದಿನಕ್ಕೆ ಎರಡು ಸಲ ನೀರು ಸ್ಪ್ರೇ ಮಾಡಿ’ ಎಂಬ ಲೆಕ್ಕ ಭಾಗಮಂಡಲದ ಕಡೆಯ ಮನೆಗೆ ನಡೆಯುವುದಿಲ್ಲ. ಕುಶಾಲನಗರದಲ್ಲಿ ನಡೆಯಬಹುದು, ಅಲ್ಲಿ ಮಳೆ ಎಷ್ಟೋ ಕಡಿಮೆ. ಕೆಳಗೆ ಬರೆದದ್ದೆಲ್ಲ ಮಡಿಕೇರಿ ಆಸುಪಾಸಿನ ಥಂಡಿ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊಳಕೆಯೇ ಬೇರೆ, ಎಳೆಸೊಪ್ಪೇ ಬೇರೆ

ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ನಮಗೆಲ್ಲ ಗೊತ್ತು. ಅಲ್ಲಿ ಕಾಳು, ಬೇರು, ಮೊಳಕೆ ಎಲ್ಲವನ್ನೂ ತಿನ್ನುತ್ತೇವೆ. ಎಳೆಸೊಪ್ಪು ಹಾಗಲ್ಲ. ಬೀಜ ಮೊಳೆತು, ಬೆಳಕಿನಲ್ಲಿ ನಿಂತು, ಮೊದಲ ಜೋಡಿ ಎಲೆ ಹಸಿರಾಗಿ ಬಿಚ್ಚಿದ ಮೇಲೆ ಬುಡದಿಂದ ಸ್ವಲ್ಪ ಮೇಲಕ್ಕೆ ಕತ್ತರಿಸುವುದು. ಬೇರು ಟ್ರೇಯಲ್ಲೇ ಉಳಿಯುತ್ತದೆ.

ಈ ವ್ಯತ್ಯಾಸ ಸುಮ್ನೆ ಅಲ್ಲ. ಮೊಳಕೆ ಬರಿಸುವ ಬೆಚ್ಚಗಿನ, ಒದ್ದೆಯಾದ ಕತ್ತಲೆ ಜಾಗ ರೋಗಾಣುಗಳಿಗೂ ಬಹಳ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕು ಹಬ್ಬಿ 50ಕ್ಕೂ ಹೆಚ್ಚು ಜನ ಸತ್ತಾಗ ಕೊನೆಗೆ ಸಿಕ್ಕಿಬಿದ್ದದ್ದು ಮೆಂತ್ಯದ ಮೊಳಕೆ. ಎಳೆಸೊಪ್ಪಿಗೆ ಗಾಳಿ, ಬೆಳಕು ಸಿಗುತ್ತದೆ, ಬೇರು ಹೊಟ್ಟೆಗೆ ಹೋಗುವುದಿಲ್ಲ. ಹಾಗಾಗಿ ಅಪಾಯ ಕಡಿಮೆ. ಪೂರ್ತಿ ಇಲ್ಲ ಎಂದಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ಕಾಯಿಲೆಯಿಂದ ಸೊರಗಿದವರು ಮನೆಯಲ್ಲಿದ್ದರೆ ಅವರ ಪಾಲಿನ ಸೊಪ್ಪನ್ನು ಬಿಸಿ ನೀರಿಗೆ ಹಾಕಿ ಒಂದು ಕುದಿ ಬರಿಸಿ ತೆಗೆದು ಕೊಡಿ. ರುಚಿ ಸ್ವಲ್ಪ ಹೋಗುತ್ತದೆ, ಹೋಗಲಿ.

ಪೌಷ್ಟಿಕಾಂಶದ ಬಗ್ಗೆ ಕೇಳುವ ದೊಡ್ಡ ದೊಡ್ಡ ಮಾತುಗಳಿಗೂ ಒಂದು ಮೂಲ ಇದೆ. 2012ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು 25 ಬಗೆಯ ಎಳೆಸೊಪ್ಪನ್ನು ಪರೀಕ್ಷೆ ಮಾಡಿದರು. ಸಿ ಜೀವಸತ್ವದಲ್ಲಿ ಕೆಂಪು ಕೋಸು ಮುಂದಿತ್ತು, ಕ್ಯಾರೆಟ್ಟಿಗೆ ಬಣ್ಣ ಕೊಡುವಂಥ ಕ್ಯಾರೊಟಿನಾಯ್ಡ್‌ಗಳಲ್ಲಿ ಕೊತ್ತಂಬರಿ. ತೂಕಕ್ಕೆ ತೂಕ ಹೋಲಿಸಿದರೆ ಬಲಿತ ಎಲೆಗಿಂತ ಎಳೆಯದರಲ್ಲಿ ಇವು ಎಷ್ಟೋ ಪಟ್ಟು ಜಾಸ್ತಿ ಕಂಡವು. ಆದರೆ ನಾವು ತಿನ್ನುವುದು ಒಂದು ಹಿಡಿ ಮಾತ್ರ. ಒಂದು ಬಟ್ಟಲು ಸೊಪ್ಪಿನ ಸಾರಿನ ಜಾಗಕ್ಕೆ ಇದನ್ನು ಕೂರಿಸಬೇಡಿ.

ಯಾವ ಬೀಜ ಹಾಕಬೇಕು

ಹೊಸಬರು ಸಾಸಿವೆಯಿಂದ ಶುರು ಮಾಡಿ. ಒಗ್ಗರಣೆ ಡಬ್ಬಿಯ ಸಾಸಿವೆಯೇ ಆಗುತ್ತದೆ, ಹೊಸದಾಗಿರಬೇಕು ಅಷ್ಟೆ. ನಮ್ಮ ಥಂಡಿಗೂ ಅದು ಎಂಟರಿಂದ ಹತ್ತು ದಿನದಲ್ಲಿ ಕೊಯ್ಲಿಗೆ ಬರುತ್ತದೆ. ಖಾರ ಖಾರವಾದ ಚುರುಕು ರುಚಿ. ಮೂಲಂಗಿ ಇನ್ನೂ ಬೇಗ ಮೇಲೇಳುತ್ತದೆ, ಗಟ್ಟಿಮುಟ್ಟಾದ ಸಸಿ. ಮೆಂತ್ಯಕ್ಕೆ ಹತ್ತು ಹನ್ನೆರಡು ದಿನ ಬೇಕು, ಕಹಿ ಹಿತವಾಗಿರುತ್ತದೆ. ಹೆಸರುಕಾಳು ಮಕ್ಕಳಿಗೆ ಒಗ್ಗುತ್ತದೆ, ಸಿಹಿಯಾಗಿ ಕರುಕುರು ಎನ್ನುತ್ತದೆ. ಕೊತ್ತಂಬರಿಗೆ ತಾಳ್ಮೆ ಇರಬೇಕು: ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಬಿತ್ತಿದರೂ ಮೂರು ವಾರ ಹಿಡಿಯುತ್ತದೆ. ಹರಿವೆಯ ಕೆಂಪು ಎಳೆಸೊಪ್ಪು ನೋಡಲು ಬಹಳ ಚೆಂದ, ಆದರೆ ಅದಕ್ಕೆ ಸೆಕೆ ಬೇಕು. ಜುಲೈನಲ್ಲಿ ಹಾಕಿ ಬೇಜಾರು ಮಾಡಿಕೊಳ್ಳಬೇಡಿ, ಮಾರ್ಚಿಗೆ ಇಟ್ಟುಕೊಳ್ಳಿ.

ಬೀಜದ ಅಂಗಡಿಯಿಂದ ತರುವಾಗ ಒಂದು ಎಚ್ಚರ. ಬಿತ್ತನೆಗೆಂದು ಮಾರುವ ಬೀಜಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕ ಬಳಿದಿರುತ್ತಾರೆ. ಗುಲಾಬಿ, ನೀಲಿ, ಹಸಿರು ಬಣ್ಣದ ಲೇಪ ಕಂಡರೆ ಅದು ಇದಕ್ಕಲ್ಲ. ತೊಳೆದರೆ ಹೋಗುತ್ತದೆ ಎಂದು ಅಂಗಡಿಯವರು ಹೇಳಿದರೂ ಕೇಳಬೇಡಿ. ಮೂಲಂಗಿ ಬೀಜ ಕೊಳ್ಳುವಾಗ ಮುಖ್ಯವಾಗಿ ಇದನ್ನು ನೋಡಿಕೊಳ್ಳಬೇಕು, ಉಳಿದವು ದಿನಸಿ ಅಂಗಡಿಯಲ್ಲೇ ಸಿಗುತ್ತವೆ.

ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗಳನ್ನು ಎಳೆಯದಾಗಿ ತಿನ್ನಬಾರದು, ಅವುಗಳ ಎಲೆಯಲ್ಲಿ ವಿಷದ ಅಂಶ ಇರುತ್ತದೆ. ಅವರೆ, ರಾಜ್ಮಾ ಕೂಡ ಹಸಿಯಾಗಿ ಬೇಡ.

ಟ್ರೇ ಸಿದ್ಧ ಮಾಡುವುದು

ದುಬಾರಿ ಕಿಟ್ ಬೇಕಾಗಿಲ್ಲ. ಒಂದು ಅಗಲವಾದ ಪ್ಲಾಸ್ಟಿಕ್ ಡಬ್ಬಿ, ಎರಡು ಇಂಚು ಆಳ ಇದ್ದರೆ ಆಯಿತು. ಅದರ ತಳಕ್ಕೆ ಕಾಯಿಸಿದ ಮೊಳೆಯಿಂದ ಹತ್ತು ಹದಿನೈದು ತೂತು ಮಾಡಿ. ಅದು ಕೂರುವಷ್ಟು ದೊಡ್ಡದಾದ, ತೂತಿಲ್ಲದ ಇನ್ನೊಂದು ಡಬ್ಬಿ ಕೆಳಗಿಡಿ. ಈ ಎರಡನೇ ಡಬ್ಬಿಯನ್ನು ಬಹಳ ಜನ ಬೇಡವೆಂದು ಬಿಡುತ್ತಾರೆ. ಬಿಡಬೇಡಿ. ನೀರು ಕೆಳಗಿನಿಂದ ಕೊಡಲು ಅದು ಬೇಕೇ ಬೇಕು.

ಒಳಗೆ ತುಂಬಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಒಳ್ಳೆಯದು. ಇಟ್ಟಿಗೆ ರೂಪದಲ್ಲಿ ಸಿಗುತ್ತದೆ, ನೀರಿನಲ್ಲಿ ನೆನೆಸಿದರೆ ಉಬ್ಬಿ ಪುಡಿಯಾಗುತ್ತದೆ. ತೋಟದ ಮನೆಗಳಲ್ಲಿ ಕಾಫಿ ಸಸಿಯ ಬ್ಯಾಗಿಗೆಂದು ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ, ಮರಳನ್ನು 6:2:1ರಂತೆ ಕಲಸಿದ ಮಣ್ಣು ಮೂಲೆಯಲ್ಲಿ ಉಳಿದಿರುತ್ತದೆ. ಅದನ್ನೇ ಹಾಕಿದರಾಯಿತು ಅನಿಸುವುದು ಸಹಜ. ಕಾಫಿ ಗಿಡಕ್ಕೆ ಅದು ಅಮೃತ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಸಗಣಿ ಗೊಬ್ಬರದ ಜೊತೆ ಬೇಡದ ರೋಗಾಣುಗಳೂ ಬರುತ್ತವೆ. ಇಷ್ಟು ಸಣ್ಣ ಸಸಿಗೆ ಗೊಬ್ಬರದ ಅಗತ್ಯವೂ ಇಲ್ಲ, ಬೀಜದೊಳಗೆ ಇರುವ ಆಹಾರವೇ ಹತ್ತು ದಿನಕ್ಕೆ ಸಾಕಾಗುತ್ತದೆ.

ನೆನೆದ ಕೋಕೋಪೀಟನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ಒಂದೆರಡು ಹನಿ ಬಂದರೆ ಹದ ಸರಿ. ಧಾರೆಯಾಗಿ ಇಳಿದರೆ ಜಾಸ್ತಿ ಒದ್ದೆ, ಇನ್ನೊಮ್ಮೆ ಹಿಂಡಿ ಹಾಕಿ. ಒಂದೂವರೆ ಇಂಚು ತುಂಬಿ ಅಂಗೈಯಿಂದ ಸಮ ಮಾಡಿ.

ನೀರಿನ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ಬಾವಿ ನೀರು ಕಲಕಿರುತ್ತದೆ, ಮೇಲಿನ ತೋಟದಿಂದ ಇಳಿದದ್ದೆಲ್ಲ ಅದರಲ್ಲಿ ಸೇರಿರಬಹುದು. ಟ್ರೇಗೂ ಸೊಪ್ಪು ತೊಳೆಯುವುದಕ್ಕೂ ಕುದಿಸಿ ಆರಿಸಿದ ನೀರನ್ನೇ ಬಳಸಿ. ಹೇಗೂ ಕುಡಿಯಲು ಕುದಿಸುತ್ತೀರಿ, ಒಂದು ಚೊಂಬು ಜಾಸ್ತಿ ಇಟ್ಟರಾಯಿತು.

ಬಿತ್ತಿದ ದಿನದಿಂದ ಕೊಯ್ಲಿನವರೆಗೆ

ಎ4 ಕಾಗದದಷ್ಟು ಅಗಲದ ಟ್ರೇಗೆ ಸಾಸಿವೆ ಎರಡರಿಂದ ಎರಡೂವರೆ ಟೀ ಚಮಚ, ಮೆಂತ್ಯವಾದರೆ ಎರಡು ದೊಡ್ಡ ಚಮಚ. ಬೀಜದ ಪಕ್ಕ ಬೀಜ ಬೀಳಬೇಕು, ಬೀಜದ ಮೇಲೆ ಬೀಜ ಬೀಳಬಾರದು. ದಟ್ಟವಾಗಿ ಬಿತ್ತಿದರೆ ಸೊಪ್ಪು ಜಾಸ್ತಿ ಸಿಗುತ್ತದೆ ಅಂದುಕೊಳ್ಳುತ್ತೇವೆ, ಆದರೆ ಗಾಳಿಯಾಡದೆ ಅದೇ ಮೊದಲು ಕೊಳೆಯುವುದು. ಬಯಲುಸೀಮೆಯವರಿಗಿಂತ ನಾವು ಸ್ವಲ್ಪ ತೆಳ್ಳಗೇ ಬಿತ್ತಬೇಕು.

ಮೆಂತ್ಯ, ಹೆಸರುಕಾಳನ್ನು ಎಂಟು ಗಂಟೆ ನೆನೆಸಿ ಬಸಿದು ಹಾಕಿ. ಸಾಸಿವೆಯನ್ನು ನೆನೆಸಬೇಡಿ. ಒದ್ದೆಯಾದರೆ ಅದರ ಸಿಪ್ಪೆ ಲೋಳೆ ಬಿಡುತ್ತದೆ, ಬೀಜ ಗಂಟು ಗಂಟಾಗಿ ಅಂಟಿಕೊಂಡು ಸಮವಾಗಿ ಹರಡುವುದಿಲ್ಲ. ಕಾಮಕಸ್ತೂರಿ, ಅಗಸೆಯದೂ ಇದೇ ಕಥೆ.

ಬಿತ್ತಿದ ಮೇಲೆ ಒಮ್ಮೆ ಸ್ಪ್ರೇ ಬಾಟಲಿಯಿಂದ ತೆಳುವಾಗಿ ನೀರು ಚಿಮುಕಿಸಿ. ಮೇಲಿಂದ ಮಣ್ಣು ಮುಚ್ಚುವುದು ಬೇಡ. ಇನ್ನೊಂದು ಡಬ್ಬಿಯನ್ನು ಮಗುಚಿ ಹಾಕಿ ಕತ್ತಲೆ ಮಾಡಿ. ಮೆಂತ್ಯ, ಹೆಸರುಕಾಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಅರ್ಧ ಕಿಲೋದಷ್ಟು ಭಾರ ಹೇರಿದರೆ ಬೇರು ಕೆಳಕ್ಕೆ ಗಟ್ಟಿಯಾಗಿ ಇಳಿಯುತ್ತದೆ.

ಮೊದಲ ಎರಡು ಮೂರು ದಿನ ಬೆಚ್ಚಗಿನ ಜಾಗ ಬೇಕು. ಬಚ್ಚಲುಮನೆಯಲ್ಲಿ ಹಂಡೆ ಒಲೆ ಇನ್ನೂ ಉರಿಯುವ ಮನೆಯವರು ಅದೃಷ್ಟವಂತರು. ಒಲೆಯ ಹಿಂದಿನ ಗೋಡೆ ದಿನವಿಡೀ ಬೆಚ್ಚಗಿರುತ್ತದೆ. ಹೊಗೆ ನೇರವಾಗಿ ತಾಗದಂತೆ, ಕೈ ಇಟ್ಟರೆ ಹಿತವಾಗಿರುವಷ್ಟು ದೂರದಲ್ಲಿ ಟ್ರೇ ಇಡಿ. ಒಲೆ ಇಲ್ಲದವರು ಫ್ರಿಜ್ಜಿನ ತಲೆಯ ಮೇಲಿಟ್ಟರೂ ಸರಿ.

ಮೊಳಕೆ ಬೆರಳಿನ ಉಗುರಿನಷ್ಟು ಎದ್ದ ಕೂಡಲೇ ಮುಚ್ಚಳ ತೆಗೆದು ಕಿಟಕಿ ಪಕ್ಕಕ್ಕೆ ತನ್ನಿ. ಹಳದಿಯಾಗಿರುವ ಎಲೆ ಒಂದು ದಿನದಲ್ಲಿ ಹಸಿರಾಗುತ್ತದೆ. ದಟ್ಟ ಮೋಡದ ದಿನಗಳಲ್ಲಿ ಸಸಿ ಉದ್ದುದ್ದ ಬೆಳೆದು ಕಿಟಕಿ ಕಡೆ ಬಾಗುತ್ತದೆ, ದಿನಕ್ಕೊಮ್ಮೆ ಟ್ರೇಯನ್ನು ತಿರುಗಿಸಿ ಇಟ್ಟರೆ ನೆಟ್ಟಗಾಗುತ್ತದೆ. ಲೈಟ್ ಹಾಕಿ ಬೆಳೆಸಿ ಎಂದು ಸಲಹೆ ಕೊಡುವವರಿದ್ದಾರೆ. ಮರ ಬಿದ್ದು ಕಂಬ ಮುರಿದರೆ ದಿನಗಟ್ಟಲೆ ಕರೆಂಟ್ ಇರದ ಊರು ನಮ್ಮದು. ಕಿಟಕಿಯನ್ನೇ ನಂಬಿ.

ಬೆಳಕಿಗೆ ತಂದ ಮೇಲೆ ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿ. ಟ್ರೇಯನ್ನು ಎತ್ತಿ ನೋಡಿ. ಭಾರ ಇದ್ದರೆ ನೀರು ಬೇಡ. ಹಗುರ ಅನಿಸಿದರೆ ಕೆಳಗಿನ ಡಬ್ಬಿಗೆ ಅರ್ಧ ಲೋಟ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ಚೆಲ್ಲಿ. ಜುಲೈ ತಿಂಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ.

ನಾಲ್ಕನೇ ದಿನದ ಹೊತ್ತಿಗೆ ಬೇರಿನ ಸುತ್ತ ಬಿಳಿ ನವಿರು ಕಂಡು ಹೆಚ್ಚಿನವರು ಬೂಸ್ಟು ಎಂದು ಹೆದರಿ ಇಡೀ ಟ್ರೇ ಎಸೆಯುತ್ತಾರೆ. ಸ್ವಲ್ಪ ತಡೆಯಿರಿ. ಮೂಲಂಗಿ, ಸಾಸಿವೆಯ ಬೇರಿಗೆ ಸಹಜವಾಗಿಯೇ ಬಿಳಿ ಕೂದಲಿರುತ್ತದೆ. ಸ್ವಲ್ಪ ನೀರು ಚಿಮುಕಿಸಿ ನೋಡಿ, ಬೇರಿನ ಕೂದಲಾದರೆ ತಕ್ಷಣ ಅಂಟಿಕೊಂಡು ಮಾಯವಾಗುತ್ತದೆ. ಬೂಸ್ಟಾದರೆ ಹಾಗೇ ಇರುತ್ತದೆ. ಅದು ಒಂದು ಬೇರಿಗೆ ಸೀಮಿತವಾಗಿರದೆ ಬೀಜದಿಂದ ಬೀಜಕ್ಕೆ ಜೇಡರ ಬಲೆಯಂತೆ ಹಬ್ಬುತ್ತದೆ, ಮುಗ್ಗಲು ವಾಸನೆ ಇರುತ್ತದೆ, ಅಲ್ಲಿನ ಸಸಿ ಬುಡದಲ್ಲಿ ಕಂದಾಗಿ ಮಲಗುತ್ತದೆ. ಮೂಲೆಯಲ್ಲಿ ಚಿಕ್ಕದಾಗಿ ಕಂಡರೂ ಅಂಥ ಟ್ರೇಯ ಸೊಪ್ಪನ್ನು ತಿನ್ನದೆ ಗೊಬ್ಬರದ ಗುಂಡಿಗೆ ಹಾಕಿಬಿಡಿ. ಮುಂದಿನ ಸಲ ತೆಳ್ಳಗೆ ಬಿತ್ತಿ, ದಿನಕ್ಕೆ ಒಂದೆರಡು ಗಂಟೆ ಫ್ಯಾನ್ ಗಾಳಿ ಆಡುವಲ್ಲಿ ಇಡಿ.

ಕೊಯ್ಯುವುದು

ಎರಡು ಎಲೆ ಪೂರ್ತಿ ಬಿಚ್ಚಿ, ನಡುವೆ ಮೂರನೆಯದು ಚುಕ್ಕಿಯಂತೆ ಕಾಣಿಸಿಕೊಳ್ಳುವಾಗ ಹದ ಸರಿಯಾಗಿರುತ್ತದೆ. ಕೊಯ್ಯುವ ಹಿಂದಿನ ಸಂಜೆಯಿಂದ ನೀರು ಬೇಡ. ಹರಿತವಾದ ಕತ್ತರಿಯಿಂದ, ಕೋಕೋಪೀಟಿಗೆ ತಾಗದಂತೆ ಒಂದು ಸೆಂಟಿಮೀಟರ್ ಮೇಲೆ ಕತ್ತರಿಸಿ. ಎಲೆಗೆ ಅಂಟಿಕೊಂಡ ಬೀಜದ ಸಿಪ್ಪೆಯನ್ನು ಕೊಯ್ಯುವ ಮೊದಲೇ ಅಂಗೈಯಿಂದ ಮೆಲ್ಲಗೆ ಸವರಿ ಬೀಳಿಸಿದರೆ ಆಮೇಲೆ ಆರಿಸುವ ಕೆಲಸ ತಪ್ಪುತ್ತದೆ.

ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ. ಅಗಲವಾದ ಪಾತ್ರೆಯ ನೀರಿನಲ್ಲಿ ಅದ್ದಿ ಎತ್ತಿ, ಹತ್ತಿಯ ಪಂಚೆ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ತಟ್ಟಿ ಒಣಗಿಸಿ. ತೊಳೆಯದ ಒಣ ಸೊಪ್ಪು ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಆದರೆ ಕರೆಂಟಿನ ಗ್ಯಾರಂಟಿ ಇಲ್ಲದಿರುವಾಗ ಕೊಯ್ದು ಇಡುವುದಕ್ಕಿಂತ ಟ್ರೇಯಲ್ಲೇ ಬಿಟ್ಟು ದಿನದಿನಕ್ಕೆ ಬೇಕಾದಷ್ಟು ಕೊಯ್ಯುವುದು ಜಾಣತನ.

ಈಗ ಧಾನ್ಯ

ಕೊಡಗು ಭತ್ತದ ಸೀಮೆ. ನಮ್ಮ ಅಡುಗೆಯಲ್ಲಿ ಅಕ್ಕಿ, ಅಕ್ಕಿ ತರಿ, ಅಕ್ಕಿ ಹಿಟ್ಟು ಇವೇ ಮುಖ್ಯ. ಪಾಪುಟ್ಟು, ಕಡಂಬುಟ್ಟಿಗೆ ಬಳಸುವ ತರಿ ಅಂಟಿಕೊಳ್ಳಬೇಕು, ಅದೇ ಅದರ ಗುಣ. ಸಲಾಡಿಗೆ ಅದಕ್ಕೆ ತದ್ವಿರುದ್ಧ ಬೇಕು, ಕಾಳು ಕಾಳಾಗಿ ನಿಲ್ಲಬೇಕು. ಅದಕ್ಕೇ ಇಲ್ಲಿ ನವಣೆ ತೆಗೆದುಕೊಂಡಿದ್ದೇನೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲಂತೂ ಸಣ್ಣ ಊರಿನ ಅಂಗಡಿಗಳಲ್ಲೂ ನವಣೆ, ಸಾಮೆ ಸುಲಭವಾಗಿ ಸಿಗುತ್ತಿವೆ. 100 ಗ್ರಾಂ ನವಣೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಜಾಸ್ತಿ. ನಾರಿನ ಅಂಶವೂ ಜಾಸ್ತಿ.

ನಾಲ್ಕು ಜನಕ್ಕೆ ಒಂದು ಕಪ್ ನವಣೆ ಸಾಕು. ಮೂರು ಸಲ ತೊಳೆದು ಒಂದು ಗಂಟೆ ನೆನೆಸಿ. ಕುಕ್ಕರ್ ಮರೆತುಬಿಡಿ. ಒಂದಕ್ಕೆ ಎರಡು ನೀರು ಇಟ್ಟು ಮುಚ್ಚಿ ಬೇಯಿಸುವ ಲೆಕ್ಕ ಉಪ್ಪಿಟ್ಟಿಗೆ, ಅನ್ನಕ್ಕೆ ಸರಿ. ಸಲಾಡಿಗೆ ಗಂಜಿ ಬಸಿಯುವ ಹಳೆಯ ಕ್ರಮವೇ ಒಳ್ಳೆಯದು. ಆರು ಕಪ್ ನೀರು ಚೆನ್ನಾಗಿ ಕುದಿಯುವಾಗ ಒಂದು ಚಮಚ ಉಪ್ಪು, ಬಸಿದ ನವಣೆ ಹಾಕಿ. ಎಂಟು ನಿಮಿಷದ ನಂತರ ನಾಲ್ಕು ಕಾಳು ತೆಗೆದು ಕಚ್ಚಿ ನೋಡಿ. ನಡುವೆ ಹಿಟ್ಟಿನ ಗಟ್ಟಿ ಇರಬಾರದು, ಆದರೆ ಹಲ್ಲಿಗೆ ಸಿಗಬೇಕು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಆಗುತ್ತದೆ. ತಕ್ಷಣ ಬಸಿಯಿರಿ. ಜರಡಿಯ ತೂತು ದೊಡ್ಡದಿದ್ದರೆ ನವಣೆ ಜಾರಿ ಹೋಗುತ್ತದೆ, ಮೇಲೊಂದು ತೆಳು ಬಟ್ಟೆ ಹಾಸಿಕೊಳ್ಳಿ. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯಬಹುದು.

ಆಮೇಲಿನ ಹತ್ತು ನಿಮಿಷದಲ್ಲಿ ಸಲಾಡಿನ ಹಣೆಬರಹ ತೀರ್ಮಾನವಾಗುತ್ತದೆ. ಬಿಸಿ ನವಣೆಯನ್ನು ಪಾತ್ರೆಯಲ್ಲಿ ಗುಡ್ಡೆ ಹಾಕಿದರೆ ತನ್ನದೇ ಹಬೆಯಲ್ಲಿ ಬೆಂದು ಮುದ್ದೆಯಾಗುತ್ತದೆ. ಮೊರದ ಮೇಲೆ ಬಟ್ಟೆ ಹಾಸಿ, ಬೆರಳ ದಪ್ಪಕ್ಕೆ ಹರಡಿ, ಒಂದು ಚಮಚ ಎಣ್ಣೆ ಚಿಮುಕಿಸಿ, ಫ್ಯಾನಿನ ಕೆಳಗಿಡಿ. ಬೇರೆ ಊರಿನಲ್ಲಿ ಹಾಗೇ ಇಟ್ಟರೂ ಆರುತ್ತದೆ. ಇಲ್ಲಿ ಆಷಾಢದ ಗಾಳಿಗೆ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ, ನವಣೆ ಹೇಗೆ ಆರೀತು? ಫ್ಯಾನ್ ಬೇಕು. ನಡುವೆ ಒಮ್ಮೆ ಫೋರ್ಕಿನಿಂದ ಕೆದಕಿ. ಚಮಚ ಬೇಡ, ಅದು ಕಾಳನ್ನು ಅರೆಯುತ್ತದೆ.

ಬೆಂದ ಧಾನ್ಯವನ್ನು ಹೊರಗೆ ರಾತ್ರಿಯಿಡೀ ಬಿಡಬೇಡಿ. ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳು ಅನ್ನದಲ್ಲಿ, ಸಿರಿಧಾನ್ಯದಲ್ಲಿ ಉಳಿದಿರುತ್ತವೆ. ಗಂಟೆಗಟ್ಟಲೆ ಹೊರಗಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆರಿದ ಕೂಡಲೇ ಬಳಸಿ, ಇಲ್ಲವೇ ಫ್ರಿಜ್ಜಿಗೆ ಹಾಕಿ ಮಾರನೇ ದಿನದೊಳಗೆ ಮುಗಿಸಿ.

ಸಾಮೆ ಇನ್ನೂ ಬೇಗ ಬೇಯುತ್ತದೆ, ಆರು ನಿಮಿಷದಿಂದಲೇ ಕಚ್ಚಿ ನೋಡಲು ಶುರು ಮಾಡಿ. ಕೆಂಪಕ್ಕಿಯನ್ನು ರಾತ್ರಿ ನೆನೆಸಿ, ಇದೇ ರೀತಿ ಅರ್ಧ ಗಂಟೆ ಬೇಯಿಸಿ ಬಸಿಯಬಹುದು. ರುಚಿಯಲ್ಲಿ ನನಗೆ ಅದೇ ಇಷ್ಟ, ನವಣೆಗಿಂತಲೂ. ರಾಗಿ ಇದಕ್ಕೆ ಹೊಂದುವುದಿಲ್ಲ.

ಕಾಚಂಪುಳಿಯ ಡ್ರೆಸ್ಸಿಂಗ್

ಪಂದಿ ಕರಿಗೆ ಮಾತ್ರ ಎಂದು ಎತ್ತಿಟ್ಟ ಕಾಚಂಪುಳಿ ಬಾಟಲಿಯನ್ನು ಇಲ್ಲಿ ಇಳಿಸಿ. ಪಣಪುಳಿ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕಾಯಿಸಿ ಕಪ್ಪಗೆ ಇಳಿಸಿದ ಈ ಹುಳಿ ಬಹಳ ತೀಕ್ಷ್ಣ. ನಿಂಬೆಹಣ್ಣಿನ ಲೆಕ್ಕದಲ್ಲಿ ಸುರಿದರೆ ಬಾಯಿಗಿಡಲು ಆಗುವುದಿಲ್ಲ. ಮನೆಯಿಂದ ಮನೆಗೆ ಗಟ್ಟಿತನವೂ ಬೇರೆ. ಚಮಚಕ್ಕೆ ಅಂಟಿ ನಿಧಾನ ಇಳಿಯುವಂಥದ್ದಾದರೆ ಒಂದು ಟೀ ಚಮಚ ಸಾಕು, ನೀರಿನಂತಿದ್ದರೆ ಎರಡು.

ಒಂದು ಚಿಕ್ಕ ಬಾಟಲಿಗೆ ಕಾಚಂಪುಳಿ, ಎರಡು ಟೀ ಚಮಚ ಜೇನು, ಒಂದು ದೊಡ್ಡ ಚಮಚ ಬಿಸಿ ನೀರು, ಅರ್ಧ ಚಮಚ ಉಪ್ಪು ಹಾಕಿ ಕರಗಿಸಿ. ಆಮೇಲೆ ಮೂರು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಅಥವಾ ಎಳ್ಳೆಣ್ಣೆ, ಆಗಷ್ಟೇ ಕುಟ್ಟಿದ ಕರಿಮೆಣಸು ಅರ್ಧ ಚಮಚ, ಜಜ್ಜಿದ ಒಂದು ಜೀರಿಗೆ ಮೆಣಸು (ಪುಟ್ಟ ಖಾರದ ಮೆಣಸಿನಕಾಯಿ) ಸೇರಿಸಿ ಮುಚ್ಚಳ ಹಾಕಿ ಜೋರಾಗಿ ಕುಲುಕಿ. ತೆಂಗಿನೆಣ್ಣೆ ಹಾಕೋಣ ಅನಿಸಬಹುದು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಅಡುಗೆಮನೆ ಮಳೆಗಾಲದಲ್ಲಿ ಅದಕ್ಕಿಂತ ತಣ್ಣಗಿರುತ್ತದೆ. ನವಣೆಯ ಮೇಲೆ ಮೇಣ ಸವರಿದ ಹಾಗಾಗುತ್ತದೆ.

ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದು, ಅವರ ಪಾಲಿಗೆ ಬೆಲ್ಲವೂ ಬೇಡ, ಬರೀ ನವಣೆ ಸಾಕು. ಕಾಚಂಪುಳಿ ಸಿಗದ ಊರಿನವರು ಎರಡು ದೊಡ್ಡ ಚಮಚ ನಿಂಬೆರಸ ಹಾಕಿ, ಆಗ ಬಿಸಿ ನೀರು ಬೇಡ. ನಿಂಬೆಯ ಸಿ ಜೀವಸತ್ವ ಧಾನ್ಯ, ಸೊಪ್ಪಿನ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಕೊಡಗಿನ ಕಿತ್ತಳೆ ಸಿಗುವ ಚಳಿಗಾಲದಲ್ಲಿ ಅರ್ಧ ಹಣ್ಣಿನ ರಸ ಸೇರಿಸಿ, ಜೇನು ಕಡಿಮೆ ಮಾಡಿ.

ಕಲಸುವ ಕ್ರಮ

ಬೇಕಾದದ್ದು ಇಷ್ಟು: ಆರಿದ ನವಣೆ, ಅರ್ಧ ಕಪ್ ಬೇಯಿಸಿದ ಕಡಲೆಕಾಳು ಅಥವಾ ಹೆಸರುಕಾಳು, ಒಂದು ಸೌತೆಕಾಯಿ, ಒಂದು ಕ್ಯಾರೆಟ್, ಒಂದು ಚಿಕ್ಕ ಈರುಳ್ಳಿ, ಹದವಾಗಿ ಮಾಗಿದ ಅರ್ಧ ಬಟರ್ ಫ್ರೂಟ್, ಒಂದು ಹಿಡಿ ಹುರಿದ ಕಡಲೆಬೀಜ, ಎರಡು ದೊಡ್ಡ ಹಿಡಿ ಎಳೆಸೊಪ್ಪು.

ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆಯಿರಿ. ಸಣ್ಣಗೆ ಹೆಚ್ಚಿ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ. ಕೋಸಂಬರಿಯಲ್ಲಿ ರಸ ಬಿಟ್ಟರೆ ಚೆಂದ, ಇಲ್ಲಿ ಬಿಡಬಾರದು. ಟೊಮೆಟೊ ನಾನು ಹಾಕುವುದೇ ಇಲ್ಲ.

ನವಣೆ, ಕಾಳಿಗೆ ಮೊದಲು ಮುಕ್ಕಾಲು ಭಾಗ ಡ್ರೆಸ್ಸಿಂಗ್ ಹಾಕಿ ಕಲಸಿ ಹತ್ತು ಹದಿನೈದು ನಿಮಿಷ ಬಿಡಿ. ಧಾನ್ಯ ಹುಳಿ, ಉಪ್ಪು ಹೀರಿಕೊಳ್ಳಲು ಈ ಸಮಯ ಬೇಕು. ಆಮೇಲೆ ತರಕಾರಿ ಸೇರಿಸಿ, ರುಚಿ ನೋಡಿ, ಬೇಕಿದ್ದರೆ ಉಳಿದದ್ದು ಹಾಕಿ. ಬಟರ್ ಫ್ರೂಟ್ ಕತ್ತರಿಸಿದರೆ ಬೇಗ ಕಪ್ಪಾಗುತ್ತದೆ, ಅದನ್ನು ಬಡಿಸುವ ಹೊತ್ತಿಗೆ ಹೆಚ್ಚಿ. ಕಾಫಿ ತೋಟದ ನೆರಳಿನಲ್ಲಿ ಬೆಳೆದ ಹಣ್ಣು ಮಳೆಗಾಲದಲ್ಲೇ ಬರುತ್ತದೆ, ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಈ ಹಣ್ಣಿನ ತಳಿಗಳ ಮೇಲೆ ಕೆಲಸವೂ ನಡೆದಿದೆ. ಪೇಟೆಯಲ್ಲಿ ಅಷ್ಟು ದುಡ್ಡು ಕೊಟ್ಟು ಕೊಳ್ಳುವ ಹಣ್ಣು ಇಲ್ಲಿ ಮರದಡಿ ಬಿದ್ದಿರುತ್ತದೆ. ಹಾಕದಿದ್ದರೆ ಹೇಗೆ?

ಎಳೆಸೊಪ್ಪು, ಕಡಲೆಬೀಜ ಕೊನೆಗೆ, ತಟ್ಟೆಗೆ ಬಡಿಸಿದ ಮೇಲೆ. ಸೊಪ್ಪನ್ನು ಡ್ರೆಸ್ಸಿಂಗ್ ಜೊತೆ ಕಲಸಿದರೆ ಐದು ನಿಮಿಷದಲ್ಲಿ ಸೋತು ಅಂಟಿಕೊಳ್ಳುತ್ತದೆ. ಸಾಸಿವೆ ಸೊಪ್ಪು ಖಾರವಾದ್ದರಿಂದ ಮೊದಲ ಸಲ ಅರ್ಧ ಸಾಸಿವೆ, ಅರ್ಧ ಹೆಸರುಕಾಳಿನ ಸೊಪ್ಪು ಹಾಕಿ. ‘ಇದೇನು, ಕರುವಿಗೆ ಹಾಕುವ ಹುಲ್ಲಾ?’ ಎಂದು ಅತ್ತೆ ಕೇಳಿದರೆ ವಾದ ಬೇಡ, ಮೊದಲ ದಿನ ಸ್ವಲ್ಪವೇ ಹಾಕಿ.

ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ದಿಢೀರನೆ ಸೊಪ್ಪು ಜಾಸ್ತಿ ಮಾಡಬಾರದು, ಕೆ ಜೀವಸತ್ವ ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಡಾಕ್ಟರನ್ನು ಕೇಳಿ ಶುರು ಮಾಡಿ.

ಡಬ್ಬಿಗೆ ಕಟ್ಟುವುದಾದರೆ ಡ್ರೆಸ್ಸಿಂಗ್ ಕಲಸಿದ ನವಣೆ ಒಂದು ಡಬ್ಬಿ, ತರಕಾರಿ ಒಂದು, ಸೊಪ್ಪು ಒಣ ಬಟ್ಟೆಯ ತುಂಡಿನಲ್ಲಿ ಸುತ್ತಿ ಇನ್ನೊಂದು. ಮೂರು ಅಂತಸ್ತಿನ ಹಳೆಯ ಸ್ಟೀಲ್ ಕ್ಯಾರಿಯರ್ ಇದ್ದರೆ ಇದಕ್ಕೇ ಮಾಡಿಸಿದ ಹಾಗಿರುತ್ತದೆ. ಬೆಳಿಗ್ಗೆ ಕಟ್ಟಿದ್ದನ್ನು ಮಧ್ಯಾಹ್ನಕ್ಕೇ ತಿಂದು ಮುಗಿಸಿ, ಸಂಜೆಗೆ ಉಳಿಸಬೇಡಿ.

ಮುಂದಿನ ಟ್ರೇ

ಸಾಸಿವೆ, ಮೂಲಂಗಿ, ಮೆಂತ್ಯ ಒಮ್ಮೆ ಕೊಯ್ದರೆ ಮುಗಿಯಿತು. ಹೆಸರುಕಾಳು ಕೆಲವೊಮ್ಮೆ ಮತ್ತೆ ಚಿಗುರಿದರೂ ನಾರು ನಾರಾಗಿರುತ್ತದೆ. ಬೇರಿನ ಚಾಪೆಯನ್ನು ಹಾಗೇ ಎತ್ತಿ ಗೊಬ್ಬರದ ಗುಂಡಿಗೆ ಹಾಕಿ, ಅದೇ ಕೋಕೋಪೀಟಿನಲ್ಲಿ ಮತ್ತೆ ಬಿತ್ತಬೇಡಿ. ಟ್ರೇಯನ್ನು ಸೋಪು ಹಾಕಿ ಉಜ್ಜಿ, ಬಿಸಿ ನೀರು ಸುರಿದು, ಒಲೆ ಪಕ್ಕ ಪೂರ್ತಿ ಒಣಗಿಸಿ.

ವಾರಕ್ಕೆ ಎರಡು ಸಲ ಸಲಾಡ್ ಬೇಕಾದರೆ ನಾಲ್ಕು ದಿನಕ್ಕೊಂದು ಟ್ರೇ ಬಿತ್ತುತ್ತಾ ಹೋಗಿ. ಮೂರು ಟ್ರೇ ಇದ್ದರೆ ಸರದಿ ತಪ್ಪುವುದಿಲ್ಲ. ಟ್ರೇಯ ಬದಿಗೆ ಒಂದು ತುಂಡು ಟೇಪ್ ಅಂಟಿಸಿ ಬಿತ್ತಿದ ತಾರೀಖು, ಬೀಜದ ಹೆಸರು ಬರೆದಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಇದೇ ಸಾಸಿವೆ ಆರೇಳು ದಿನಕ್ಕೆ ತಯಾರಾಗುತ್ತದೆ. ಆಗ ಟ್ರೇಯನ್ನು ದಿನಕ್ಕೊಮ್ಮೆ ಎತ್ತಿ ನೋಡಬೇಕು, ನೀರೂ ಹೆಚ್ಚುಕಡಿಮೆ ದಿನಾ ಬೇಕಾಗುತ್ತದೆ.